ತುಡುವೆ ಪೆಟ್ಟಿಗೆಯಲ್ಲಿ ಅಂಟು ಹುಡುಕಿದವರಿಗೆ

ಹೊಸನಗರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ತೋಟದಲ್ಲಿ ಆರು ತುಡುವೆ ಪೆಟ್ಟಿಗೆ ಇಟ್ಟಿದ್ದೇನೆ. ಶಿವಮೊಗ್ಗದ ಅಂಗಡಿಯಲ್ಲಿ ಪ್ರೊಪೊಲಿಸ್, ಅಂದರೆ ಜೇನುಗೂಡಿನ ಅಂಟಿನ ಬಾಟಲಿಯ ಬೆಲೆ ಕೇಳಿ ಬೆಚ್ಚಿಬಿದ್ದು, ಮನೆಗೆ ಬಂದವನೇ ಪೆಟ್ಟಿಗೆ ಬಿಚ್ಚಿ ನೋಡಿದೆ. ಮೇಣ ಬಿಟ್ಟರೆ ಏನೂ ಇಲ್ಲ. ನನ್ನ ಹುಳುಗಳು ಸೋಮಾರಿಗಳೇ? ಈ ಅಂಟು ಯಾವ ಮರದ್ದು, ಅದರಲ್ಲಿ ಏನಿದೆ?’

ಸೋಮಾರಿಗಳಲ್ಲ ಮಾರಾಯ್ರೇ, ನಮ್ಮ ನಾಡಿನ ಪೆಟ್ಟಿಗೆ ಜೇನು ತುಡುವೆಯ ಜಾಯಮಾನವೇ ಹಾಗೆ. ಅದು ಅಂಟಿನ ಗೊಡವೆಗೇ ಹೋಗುವುದಿಲ್ಲ ಎನ್ನಬಹುದು. ಬಾಟಲಿಗೆ ಬರುವುದು ಹೆಚ್ಚಾಗಿ ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನಿನದು. ಆ ಪೆಟ್ಟಿಗೆಯ ಚೌಕಟ್ಟುಗಳನ್ನು ಮೀಟಿಯೇ ಎಬ್ಬಿಸಬೇಕು, ಅಷ್ಟು ಗಟ್ಟಿ ಅಂಟಿರುತ್ತವೆ.

ಅಂಟು ನೋಡುವ ಆಸೆಯಿದ್ದರೆ ಚುಚ್ಚದ ಪುಟ್ಟ ಮಿಸರಿ ಜೇನಿನ ಬಾಗಿಲಿಗೆ ಹೋಗಿ. ನಮ್ಮ ಹಳೆಮನೆಯ ಮಣ್ಣುಗೋಡೆಯಲ್ಲೊಂದು ಸಂಸಾರವಿದೆ. ಬಾಗಿಲಲ್ಲಿ ಮೇಣ, ಅಂಟು ಕಲಸಿ ಮಾಡಿದ ಕಪ್ಪು ಕೊಳವೆ. ಒಮ್ಮೆ ಅದರ ತುದಿ ಮುಟ್ಟಿದೆ. ಬೆರಳಿಗೆ ಹತ್ತಿದ್ದು ಸೋಪಿಗೆ ಜಗ್ಗಲಿಲ್ಲ. ಹಲಸಿನ ಮೇಣ ಬಿಡಿಸುವ ಹಾಗೆ ಕೊಬ್ಬರಿ ಎಣ್ಣೆಯೇ ಬೇಕಾಯಿತು. ಇರುವೆಯ ಕಾಲು ಅಲ್ಲಿ ಸಿಕ್ಕರೆ ಮುಗಿಯಿತು. ಪ್ರೊಪೊಲಿಸ್ ಎಂಬ ಹೆಸರೂ ಹಾಗೆಯೇ: ಗ್ರೀಕ್‌ನಲ್ಲಿ ‘ಪ್ರೊ’ ಎಂದರೆ ಮುಂದೆ, ‘ಪೊಲಿಸ್’ ಎಂದರೆ ಪಟ್ಟಣ. ನಮ್ಮ ಮಾತಿನಲ್ಲಿ ಊರಬಾಗಿಲು ಅನ್ನಿ.

ಈ ಅಂಟಿನ ರಾಳವನ್ನು ಜೇನು ತಯಾರಿಸುವುದಿಲ್ಲ, ಮರದಿಂದ ತಂದು ತನ್ನ ಮೇಣ ಬೆರೆಸುತ್ತದೆ. ಮೊಗ್ಗಿನ, ತೊಗಟೆ ಗಾಯದ ರಾಳವನ್ನು ದವಡೆಯಲ್ಲಿ ಕಚ್ಚಿ ಹಿಂಗಾಲಿನ ಬುಟ್ಟಿಗೆ ಸೇರಿಸುತ್ತದೆ. ಗೂಡಿಗೆ ಬಂದ ಮೇಲೆ ಮೆಲ್ಲಿಫೆರಾ ತನ್ನ ಹೊರೆಯನ್ನು ತಾನೇ ಇಳಿಸಲಾರದು. ಇನ್ನೊಂದು ಹುಳು ಬಂದು ಕಿತ್ತು ಎಳೆಯಬೇಕು.

ಒಳಗಿರುವುದರ ಲೆಕ್ಕ ಸ್ಥೂಲವಾಗಿ ಹೀಗೆ: ಶೇ. 50ರಷ್ಟು ರಾಳ, 30ರಷ್ಟು ಮೇಣ, 10ರಷ್ಟು ಪರಿಮಳದ ಎಣ್ಣೆಗಳು, 5ರಷ್ಟು ಪರಾಗ, ಮಿಕ್ಕಿದ್ದು ಚಿಲ್ಲರೆ. ಆಟವೆಲ್ಲ ಆ ರಾಳದಲ್ಲಿದೆ. ಯುರೋಪಿನಲ್ಲಿ ಪಾಪ್ಲರ್ ಮರದ ಮೊಗ್ಗಿನ ಅಂಟು. ಲೇಬಲ್‌ಗಳಲ್ಲಿ ಕಾಣುವ ಕ್ರೈಸಿನ್, ಗ್ಯಾಲಂಜಿನ್, ಪಿನೊಸೆಂಬ್ರಿನ್ ಎಂಬ ಫ್ಲೇವನಾಯ್ಡ್‌ಗಳು (ಗಿಡಮರಗಳಲ್ಲಿರುವ ಒಂದು ಬಗೆಯ ರಾಸಾಯನಿಕಗಳು) ಅಲ್ಲಿಯವು. ಬ್ರೆಜಿಲ್ಲಿನ ಹಸಿರು ಅಂಟು ಬ್ಯಾಕರಿಸ್ ಎಂಬ ಪೊದೆಯದು, ಅದರ ಮುಖ್ಯ ವಸ್ತು ಆರ್ಟೆಪಿಲಿನ್-ಸಿ. ಜಪಾನಿನ ಓಕಿನಾವಾದಲ್ಲಿ ಮಕರಂಗ ಗಿಡದ ಕಾಯಿಯ ಮೇಲಿನ ಅಂಟನ್ನು ಕೆರೆದು ತರುತ್ತವೆ. ಅದರ ದಾಯಾದಿಯೇ ನಮ್ಮ ಚಂದಕಲು.

ನನಗೆ ಹೆಚ್ಚು ರುಚಿಸಿದ್ದು ಮಾವಿನ ವಿಷಯ. ಇಂಡೋನೇಷ್ಯಾ, ಥಾಯ್ಲೆಂಡ್ ಕಡೆಯ ಅಂಟಿನಲ್ಲಿ ಕಾರ್ಡನಾಲ್‌ನಂಥ ವಸ್ತುಗಳು ಸಿಕ್ಕಿವೆ, ಮೂಲ ಮಾವಿನ ಕುಲದ ಮರಗಳು. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವುದೂ ಇದೇ ಕಾರ್ಡನಾಲ್. ಅಪ್ಪೆಮಿಡಿ ಕೊಯ್ಯುವಾಗ ಸೊನೆ ಸಿಡಿದು ಕೆನ್ನೆ ಸುಟ್ಟುಕೊಂಡವರಿಗೆ ಇದೆಂಥ ಬಳಗ ಎಂದು ಬಿಡಿಸಿ ಹೇಳಬೇಕಿಲ್ಲ! ಹಾಗಾಗಿ ಒಂದು ದೇಶದ ಅಂಟನ್ನು ಪರೀಕ್ಷಿಸಿ ಹೇಳಿದ ಗುಣವನ್ನು ಇನ್ನೊಂದರ ಬಾಟಲಿಗೆ ಅಂಟಿಸುವುದು ವ್ಯಾಪಾರವೇ ಹೊರತು ರಸಾಯನಶಾಸ್ತ್ರವಲ್ಲ. ಪಾಪ್ಲರ್ ಅಂಟೂ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತುರಿಕೆ ಏಳುತ್ತದೆ. ನಾಲಿಗೆಗೆ ಬಿಟ್ಟುಕೊಳ್ಳುವ ಮುಂಚೆ ವೈದ್ಯರನ್ನು ಕೇಳಿ.

ದುಡ್ಡಿನಾಸೆಗೆ ಮಿಸರಿ ಗೂಡು ಒಡೆಯಬೇಡಿ. ಬದಲಿಗೆ ಈ ಬೇಸಿಗೆಯಲ್ಲಿ, ಬಿಸಿಲೇರಿ ರಾಳ ಮೆತ್ತಗಾದ ಹೊತ್ತಿಗೆ, ಚಂದಕಲು, ಮಾವು, ಹಲಸಿನ ಗಾಯಗಳ ಹತ್ತಿರ ಹತ್ತು ನಿಮಿಷ ನಿಲ್ಲಿ. ಹಿಂಗಾಲಿನ ಉಂಡೆ ಪುಡಿಪುಡಿಯಾಗಿ ಮಂಕಾಗಿದ್ದರೆ ಪರಾಗ, ಮಿಂಚುತ್ತಿದ್ದರೆ ಅಂಟು. ಯಾವ ಮರದಲ್ಲಿ ಯಾವ ಜೇನು ಕಂಡಿತೆಂದು ಬರೆಯಿರಿ, ಪ್ರಕಟಿಸುತ್ತೇವೆ.

– ಸಂ.