ಓದುಗರ ಪ್ರಶ್ನೆ: ಹೆಚ್ಚಿನ ದಿನ ಫೆಬ್ರವರಿಗೇ ಏಕೆ?

ಪ್ರಶ್ನೆ: ಡಿಸೆಂಬರ್ ಹೆಸರಿನ ಮೂಲ ಲ್ಯಾಟಿನ್‌ನ ‘ಹತ್ತು’ ಎಂದು ಮಗಳ ಪಾಠದಲ್ಲಿದೆ. ಹಾಗಾದರೆ ಅದು ಹನ್ನೆರಡನೆಯ ತಿಂಗಳಾದದ್ದು ಹೇಗೆ? ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಗೇ ಒಂದು ದಿನ ಹೆಚ್ಚಾಗುವುದೇಕೆ?
– ಓದುಗರು, ಕಾಪು

ಉತ್ತರ: ನಮಗೆ, ತುಳುವರಿಗೆ, ಬಿಸು ಹಬ್ಬಕ್ಕೆ, ಪಗ್ಗು ತಿಂಗಳಿಂದ ವರ್ಷ ಶುರು. ಹಳೆಯ ರೋಮನ್ನರಿಗೆ ಮಾರ್ಚ್‌ನಿಂದ. ಅಲ್ಲಿಂದ ಬೆರಳು ಮಡಚಿ ನೋಡಿ, ಸೆಪ್ಟೆಂಬರ್ ಏಳನೆಯದು, ಡಿಸೆಂಬರ್ ಹತ್ತನೆಯದು. ಕ್ರಿ.ಪೂ. 153ರಿಂದ ಅಲ್ಲಿನ, ವರ್ಷಕ್ಕೊಮ್ಮೆ ಬದಲಾಗುವ ಮುಖ್ಯ ಆಡಳಿತಗಾರರಾದ ಕಾನ್ಸಲ್‌ಗಳು ಜನವರಿ 1ರಂದು ಅಧಿಕಾರ ವಹಿಸಿಕೊಳ್ಳತೊಡಗಿದರು. ವರ್ಷದ ಆರಂಭ ಬದಲಾಯಿತು, ಹೆಸರುಗಳು ಹಾಗೇ ಉಳಿದವು. ಐದನೆಯ ಕ್ವಿಂಟಿಲಿಸ್ ಜೂಲಿಯಸ್ ಸೀಸರನ ಹೆಸರಲ್ಲಿ ಜುಲೈ ಆಯಿತು. ಆರನೆಯ ಸೆಕ್ಸ್‌ಟಿಲಿಸ್ ಕ್ರಿ.ಪೂ. 8ರಲ್ಲಿ, ಸೀಸರನ ನಂತರ ಬಂದ ಚಕ್ರವರ್ತಿ ಆಗಸ್ಟಸನ ಹೆಸರಲ್ಲಿ ಆಗಸ್ಟ್ ಆಯಿತು. ಆಗಸ್ಟ್‌ಗೆಂದು ಫೆಬ್ರವರಿಯ ಒಂದು ದಿನ ಕಿತ್ತರು ಎನ್ನುವುದು ಬರೀ ಕಟ್ಟುಕಥೆ. ಸೀಸರನಿಗಿಂತ ಮೊದಲೇ ಫೆಬ್ರವರಿಗೆ 28 ದಿನ.

ಫೆಬ್ರವರಿ ಹಳೆಯ ವರ್ಷದ ಬಾಲ, ಹಾಗಾಗಿ ತೇಪೆ ಹಾಕುತ್ತಿದ್ದದ್ದು ಅಲ್ಲೇ. ವರ್ಷಕ್ಕೆ 355 ದಿನವಿದ್ದಾಗ, ಫೆಬ್ರವರಿಯನ್ನು 23 ಅಥವಾ 24ಕ್ಕೆ ನಿಲ್ಲಿಸಿ 27 ದಿನದ ಅಧಿಕ ಮಾಸ ಸೇರಿಸುತ್ತಿದ್ದರು. ಯಾವಾಗ ಸೇರಿಸಬೇಕೆನ್ನುವುದು ಪುರೋಹಿತ ಮಂಡಳಿಯ ಕೈಯಲ್ಲಿತ್ತು; ರಾಜಕೀಯ ನುಗ್ಗಿ ಲೆಕ್ಕ ಹಳ್ಳ ಹಿಡಿಯಿತು. ಅದನ್ನು ಸರಿಪಡಿಸಲು ಸೀಸರ್ ಕ್ರಿ.ಪೂ. 46ನ್ನು 445 ದಿನಗಳಿಗೆ ಎಳೆದ. ಮರುವರ್ಷದಿಂದ 365 ದಿನ, ನಾಲ್ಕು ವರ್ಷಕ್ಕೊಮ್ಮೆ ಒಂದು ಹೆಚ್ಚು. ಆ ದಿನ 29 ಅಲ್ಲ! ಫೆಬ್ರವರಿ 24ನ್ನೇ ಎರಡು ಸಲ ಎಣಿಸುತ್ತಿದ್ದರು. ಮಾರ್ಚ್ 1ರಿಂದ ಹಿಂದಕ್ಕೆ, 1ನ್ನೂ ಸೇರಿಸಿ ಎಣಿಸಿದರೆ 24 ಆರನೆಯ ದಿನ. ಅದಕ್ಕೇ ‘ಎರಡನೇ ಆರು’ ಎಂಬರ್ಥದ ಬಿಸೆಕ್ಸ್‌ಟಸ್ ಎಂಬ ಹೆಸರು.

ಈ ಎಣಿಕೆಯೇ ಎಡವಟ್ಟಿಗೂ ಕಾರಣ. ಬೊಜ್ಜಕ್ಕೆ (ಉತ್ತರಕ್ರಿಯೆಗೆ) ದಿನ ಎಣಿಸುವಾಗ ತೀರಿಕೊಂಡ ದಿನವನ್ನೂ ಸೇರಿಸುತ್ತೇವಲ್ಲ, ಹಾಗೆ ಪುರೋಹಿತರು ಕಳೆದ ಅಧಿಕ ವರ್ಷವನ್ನೂ ಸೇರಿಸಿ ‘ನಾಲ್ಕನೆಯದು’ ಎಂದರು. ಆದದ್ದು ಮೂರು ವರ್ಷಕ್ಕೊಮ್ಮೆ. 36 ವರ್ಷದಲ್ಲಿ 9 ಬರಬೇಕಾದಲ್ಲಿ 12 ದಿನ ಸೇರಿತು. ಆಗಸ್ಟಸ್ ಕೆಲವು ವರ್ಷ ಅಧಿಕ ದಿನವನ್ನೇ ತಡೆದು ಲೆಕ್ಕ ಸರಿಮಾಡಿಸಿದ. ನಮ್ಮ ತುಳು ತಿಂಗಳಿಗೆ ಈ ತಾಪತ್ರಯವಿಲ್ಲ, ಸಂಕ್ರಮಣವೇ ತಿಂಗಳನ್ನು ಕಟ್ಟುತ್ತದೆ.

ಸೀಸರನ ವರ್ಷ ನಿಜವಾದ ಸೌರ ವರ್ಷಕ್ಕಿಂತ ಸುಮಾರು 11 ನಿಮಿಷ ಹೆಚ್ಚು ಉದ್ದ. ಅದು ಕೂಡುತ್ತಾ ಹೋಗಿ 1582ರ ಹೊತ್ತಿಗೆ ವಸಂತ ವಿಷುವ (ಮಾರ್ಚ್ ತಿಂಗಳಲ್ಲಿ ಹಗಲು ರಾತ್ರಿ ಸಮವಾಗುವ ದಿನ) 10 ದಿನ ಹಿಂದೆ ಸರಿದಿತ್ತು. ಪೋಪ್ ಗ್ರೆಗರಿ ಅಕ್ಟೋಬರ್ 4ರ ಮರುದಿನವನ್ನೇ 15 ಎಂದು ಮಾಡಿಸಿದರು. ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ: 2000 ಹೌದು, 2100 ಅಲ್ಲ.