ಕೇಳುವುದು ಮೂರು ತಿಂಗಳು, ಹೋಗುವುದು ಒಂದು ವರ್ಷ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಕಾಲೇಜನ್ನು ನಡುವೆ ಬಿಟ್ಟು ಮತ್ತೆ ಸೇರುವುದು ಹೇಗೆ? ಉತ್ತರಕ್ಕೆ ಮೊದಲು ಒಂದು ಮಾತು. ಜಿಲ್ಲೆ ಚಿಕ್ಕದಾದರೂ ಇಲ್ಲಿ ನಡೆಯುವ ನಿಯಮ ಒಂದೇ ಅಲ್ಲ. ಪದವಿ ಕಾಲೇಜುಗಳಲ್ಲಿ ಕೊಡಗು ವಿಶ್ವವಿದ್ಯಾಲಯದವರೂ ಇದ್ದಾರೆ, ಮಂಗಳೂರು ವಿಶ್ವವಿದ್ಯಾಲಯದ ನೋಂದಣಿ ಇರುವ ಹಳಬರೂ ಇದ್ದಾರೆ. ಇಂಜಿನಿಯರಿಂಗ್ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯ (ವಿಟಿಯು) ಕೆಳಗೆ. ಪೊನ್ನಂಪೇಟೆಯ ಅರಣ್ಯ ಕಾಲೇಜು ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ವೈದ್ಯಕೀಯ, ದಂತವೈದ್ಯ, ನರ್ಸಿಂಗ್ ಎಲ್ಲ ಬೆಂಗಳೂರಿನ ರಾಜೀವ್ ಗಾಂಧಿ ವಿವಿಯ ವ್ಯಾಪ್ತಿ. ನಿಮ್ಮ ಮಾರ್ಕ್ಸ್ ಕಾರ್ಡಿನ ತಲೆಯಲ್ಲಿ ಯಾವ ವಿವಿಯ ಹೆಸರಿದೆಯೋ ಅದರ ನಿಯಮವೇ ನಿಮಗೆ. ಪಕ್ಕದ ಮನೆಯ ಹುಡುಗನಿಗೆ ಆದದ್ದು ನಿಮಗೂ ಆಗುತ್ತದೆಂದು ಹೊರಡಬೇಡಿ.

ಬಿ.ಕಾಂ. ನಾಲ್ಕನೇ ಸೆಮಿಸ್ಟರ್ ಶುರುವಾಗಲಿದೆ. ಅಪ್ಪನಿಗೆ ಸೊಂಟದ ಆಪರೇಷನ್ ಆಗಿದೆ. ರೊಬಸ್ಟಾ ಕೊಯ್ಲು ಮುಗಿಯುವವರೆಗೆ ಆಳುಗಳನ್ನು, ಕಣವನ್ನು ನೋಡಿಕೊಳ್ಳಲು ನಾನೊಬ್ಬನೇ. ಮೂರು ತಿಂಗಳ ರಜೆ ಸಿಗುತ್ತದೆಯೇ?
— ವಿದ್ಯಾರ್ಥಿ, ನಾಪೋಕ್ಲು

ಪದವಿ ಕಾಲೇಜಿನಲ್ಲಿ ಮೂರು ತಿಂಗಳ ರಜೆ ಎಂಬುದೇ ಇಲ್ಲ. ಪ್ರಾಂಶುಪಾಲರು ರಜಾ ಅರ್ಜಿಗೆ ಸಹಿ ಹಾಕಬಹುದು. ಆದರೆ ಸಹಿ ಬಿದ್ದ ಮಾತ್ರಕ್ಕೆ ಹಾಜರಿ ಬೀಳುವುದಿಲ್ಲ, ರಜೆ ಮಂಜೂರಾದ ದಿನವೂ ಹಾಜರಾತಿ ಪುಸ್ತಕದಲ್ಲಿ ಗೈರೇ. ಮಕ್ಕಳು ಎಡವುವುದು ಮುಖ್ಯವಾಗಿ ಇಲ್ಲಿಯೇ. ‘ಲೀವ್ ಲೆಟರ್ ಕೊಟ್ಟಿದ್ದೆನಲ್ಲ’ ಎಂದು ಪರೀಕ್ಷೆಯ ಹೊತ್ತಿಗೆ ಕಚೇರಿಯ ಮುಂದೆ ನಿಂತರೆ ಪ್ರಯೋಜನವಿಲ್ಲ.

ನಿಜವಾದ ಬಿಡುವಿನ ಅಳತೆ ಸೆಮಿಸ್ಟರ್. ನಾಲ್ಕನೇ ಸೆಮಿಸ್ಟರಿನ ಪಾಠ ವರ್ಷಕ್ಕೆ ಒಮ್ಮೆ ಮಾತ್ರ ನಡೆಯುತ್ತದೆ. ಈ ಸಲ ಬಿಟ್ಟರೆ ಮುಂದಿನ ವರ್ಷ ನಿಮ್ಮ ಹಿಂದಿನ ಬ್ಯಾಚ್ ಆ ಸೆಮಿಸ್ಟರಿಗೆ ಬರುವವರೆಗೆ ಕಾಯಬೇಕು. ನೀವು ಕೇಳುತ್ತಿರುವುದು ಮೂರು ತಿಂಗಳು, ಕೈಬಿಡುವುದು ಹನ್ನೆರಡು ತಿಂಗಳು.

ಹಾಗಾಗಿ ಮೊದಲು ಹಾಜರಾತಿಯ ಲೆಕ್ಕ ಹಾಕಿ. ಪ್ರತಿ ವಿಷಯಕ್ಕೂ 75% ಬೇಕು, ಎಲ್ಲ ವಿಷಯ ಸೇರಿಸಿ ಸರಾಸರಿ ತೆಗೆದು ಸಮಾಧಾನಪಡಬೇಡಿ. ವಾರಕ್ಕೆ 4 ತರಗತಿಯಂತೆ 15 ವಾರಕ್ಕೆ 60 ತರಗತಿ ಎಂದಿಟ್ಟುಕೊಳ್ಳಿ. 45ಕ್ಕೆ ನೀವು ಇರಲೇಬೇಕು, 15 ತಪ್ಪಿಸಬಹುದು. ಅಂದರೆ ಕೊಯ್ಲಿನ ಬಿರುಸಿನಲ್ಲಿ ಒಟ್ಟಿಗೆ ಸುಮಾರು ಮೂರೂವರೆ ವಾರ ಮನೆಯಲ್ಲಿದ್ದು, ಉಳಿದ ಒಂದು ದಿನವನ್ನೂ ತಪ್ಪಿಸದಿದ್ದರೆ ಬಚಾವ್. ಇಲ್ಲವೇ ವಾರಕ್ಕೊಂದು ದಿನ ತೋಟಕ್ಕೆಂದು ಇಟ್ಟುಕೊಳ್ಳಬಹುದು. ಆಗ ವೇಳಾಪಟ್ಟಿ ನೋಡಿ ದಿನ ಆರಿಸಿ. ಸೋಮವಾರ ಅಕೌಂಟ್ಸ್ ಎರಡು ಅವಧಿ ಇದ್ದು ನೀವು ಪ್ರತಿ ಸೋಮವಾರ ತಪ್ಪಿಸಿದರೆ, ಆ ಒಂದೇ ವಿಷಯದಲ್ಲಿ 30 ಗೈರು, 50%ಕ್ಕೆ ಇಳಿಯುತ್ತೀರಿ. ಮಿಕ್ಕ ವಿಷಯ ಸರಿಯಿದ್ದರೂ ಅದೊಂದರಲ್ಲಿ ಪರೀಕ್ಷೆಗೆ ಕೂರಿಸುವುದಿಲ್ಲ. ಆಂತರಿಕ ಪರೀಕ್ಷೆಯ (ಐಎ) ದಿನ ಮಾತ್ರ ಎಂಥ ಕೆಲಸವಿದ್ದರೂ ಹೋಗಿ. ಥಿಯರಿ ಪರೀಕ್ಷೆಯನ್ನು ಮುಂದೆ ಮತ್ತೆ ಬರೆಯಬಹುದು, ಐಎ ಅಂಕ ಮತ್ತೆ ಸಿಗುವುದು ಕಷ್ಟ.

ಇನ್ನೊಂದು ದಾರಿಯನ್ನು ಯಾರೂ ಹೇಳಿಕೊಡುವುದಿಲ್ಲ. ಹಾಜರಾತಿ, ಐಎ ಮುಗಿಸಿ, ಪರೀಕ್ಷಾ ಶುಲ್ಕ ಕಟ್ಟಿ, ಪರೀಕ್ಷೆಯನ್ನಷ್ಟೇ ಬಿಡುವುದು. ಬಿಟ್ಟ ಪೇಪರ್ ಬ್ಯಾಕ್‌ಲಾಗ್ ಆಗಿ ಉಳಿಯುತ್ತದೆ, ನೀವು ನಿಮ್ಮ ಬ್ಯಾಚಿನ ಜೊತೆಗೇ ಐದನೇ ಸೆಮಿಸ್ಟರಿಗೆ ಹೋಗುತ್ತೀರಿ. ಒಂದೆರಡು ಬ್ಯಾಕ್‌ಲಾಗ್ ಒಂದು ವರ್ಷಕ್ಕಿಂತ ಅಗ್ಗ. ಬಿಡುವ ಮುನ್ನ ನಿಮ್ಮ ವಿವಿಯಲ್ಲಿ ಮುಂದಿನ ಸೆಮಿಸ್ಟರಿಗೆ ಹೋಗಲು ಅಡ್ಡಿಯಿಲ್ಲವೆಂದು ಪರೀಕ್ಷಾ ವಿಭಾಗದ ಗುಮಾಸ್ತರಲ್ಲಿ ಖಚಿತಪಡಿಸಿಕೊಳ್ಳಿ.

ಕಾಮಾಲೆಯಾಗಿ ಐದು ವಾರ ಮಲಗಿದ್ದೆ. ಈಗ 40 ತರಗತಿಯಲ್ಲಿ 24ಕ್ಕೆ ಮಾತ್ರ ಹಾಜರಿ ಇದೆ, ಇನ್ನು 20 ತರಗತಿ ಬಾಕಿ. ಈ ಸೆಮಿಸ್ಟರ್ ಬಿಡುವುದೇ ಒಳ್ಳೆಯದು ಎನ್ನುತ್ತಾರೆ. ಅರ್ಜಿಯಲ್ಲಿ ಏನು ಬರೆಯಬೇಕು?
— ವಿದ್ಯಾರ್ಥಿನಿ, ಸೋಮವಾರಪೇಟೆ

ಬಿಡಬೇಡಿ. ಬಾಕಿ 20ಕ್ಕೂ ಹೋದರೆ 60ರಲ್ಲಿ 44 ಆಗುತ್ತದೆ, ಅಂದರೆ 73%ಕ್ಕೆ ಸ್ವಲ್ಪ ಮೇಲೆ. ನಿಮಗೆ ಕಡಿಮೆ ಬೀಳುವುದು ಒಂದೇ ಒಂದು ತರಗತಿ. ಇಷ್ಟು ಕೊರತೆಗೆ ವೈದ್ಯಕೀಯ ಕಾರಣದ ಮೇಲೆ ವಿನಾಯಿತಿ ಕೇಳಬಹುದು. ಪ್ರಾಂಶುಪಾಲರು ಶಿಫಾರಸು ಮಾಡುತ್ತಾರೆ, ತೀರ್ಮಾನ ವಿವಿಯದು. ಇಂಜಿನಿಯರಿಂಗ್‌ನವರಿಗೆ ವಿಟಿಯು ಕೇಳುವುದು 85%, ಅಲ್ಲಿ 10%ವರೆಗಿನ ಕೊರತೆಯನ್ನು ಮನ್ನಿಸುವ ಅಧಿಕಾರ ಕುಲಪತಿಗಳಿಗಿದೆ. ನರ್ಸಿಂಗ್ ಓದುವವರ ಪಾಡೇ ಬೇರೆ: ವಾರ್ಡ್ ಡ್ಯೂಟಿಯಲ್ಲಿ ತಪ್ಪಿದ ಗಂಟೆಗಳನ್ನು ಯಾವ ಸರ್ಟಿಫಿಕೇಟೂ ತುಂಬುವುದಿಲ್ಲ, ಅಷ್ಟನ್ನೂ ಮಾಡಿಯೇ ತೀರಿಸಬೇಕು.

ಅರ್ಜಿ ಒಂದೇ ಪುಟದಲ್ಲಿರಲಿ. ಹೆಸರು, ತರಗತಿ, ವಿವಿಯ ನೋಂದಣಿ ಸಂಖ್ಯೆ, ಕಾಯಿಲೆಯ ಹೆಸರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಲಾಗಲಿಲ್ಲ, ಏನು ಕೋರುತ್ತಿದ್ದೀರಿ, ಇಷ್ಟು ಸಾಕು. ಕೊನೆಯಲ್ಲಿ ನಿಮ್ಮ ಸಹಿ, ಅದರ ಕೆಳಗೆ ಪೋಷಕರ ಸಹಿ. ಜೊತೆಗೆ ವೈದ್ಯರ ಪ್ರಮಾಣಪತ್ರ, ಆಸ್ಪತ್ರೆಯ ಹೊರರೋಗಿ ಚೀಟಿ, ರಕ್ತಪರೀಕ್ಷೆಯ ವರದಿ, ಒಳರೋಗಿಯಾಗಿದ್ದರೆ ಡಿಸ್ಚಾರ್ಜ್ ಸಮರಿ.

ಇಂಥ ಅರ್ಜಿಗಳು ಹಿಂದಕ್ಕೆ ಬರುವುದು ಹೆಚ್ಚಾಗಿ ತಾರೀಖಿನಿಂದ. ಅರ್ಜಿಯಲ್ಲಿ ಐದು ವಾರ, ಪ್ರಮಾಣಪತ್ರದಲ್ಲಿ ‘ಎರಡು ವಾರ ವಿಶ್ರಾಂತಿ’. ಅಥವಾ ಕಾಯಿಲೆ ಸೆಪ್ಟೆಂಬರಿನಲ್ಲಿ, ಪ್ರಮಾಣಪತ್ರ ಬರೆಸಿದ್ದು ಪರೀಕ್ಷೆಯ ಹಿಂದಿನ ವಾರ. ವೈದ್ಯರ ಸಹಿಯ ಕೆಳಗೆ ನೋಂದಣಿ ಸಂಖ್ಯೆ, ಸೀಲು ಇಲ್ಲದಿರುವುದೂ ಮಾಮೂಲು. ಮನೆಮದ್ದು, ನಾಟಿ ಔಷಧಿಯಲ್ಲೇ ವಾಸಿಯಾದವರಿಗೆ ಕೊಡಲು ಕಾಗದವೇ ಇರುವುದಿಲ್ಲ. ಕಾಮಾಲೆಗೆ ನಮ್ಮಲ್ಲಿ ಇದು ತುಂಬಾ ಕಾಣುತ್ತದೆ. ಔಷಧಿ ಯಾವುದನ್ನೇ ತೆಗೆದುಕೊಳ್ಳಿ, ಒಮ್ಮೆ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಇಟ್ಟುಕೊಂಡಿರಿ.

ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ‘ಸ್ವೀಕರಿಸಿದೆ’ ಎಂದು ಬರೆಸಿ, ತಾರೀಖು, ಮೊಹರು, ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ. ವರ್ಗದ ಅಧ್ಯಾಪಕರ ಕೈಗೆ ಕೊಟ್ಟು ಬಂದ ಅರ್ಜಿ ಅವರ ಪುಸ್ತಕದೊಳಗೇ ಉಳಿದುಬಿಟ್ಟರೆ ಅವರನ್ನು ದೂರಿ ಫಲವಿಲ್ಲ.

ಮಗನಿಗೆ ಮನಸ್ಸಿನ ತೊಂದರೆ, ಡಾಕ್ಟರರು ಆರು ತಿಂಗಳು ವಿಶ್ರಾಂತಿ ಬೇಕೆಂದಿದ್ದಾರೆ. ಕಾಲೇಜಿನವರು ‘ಟಿಸಿ ತೆಗೆದುಕೊಂಡು ಹೋಗಿ, ಮುಂದಿನ ವರ್ಷ ಬನ್ನಿ’ ಎನ್ನುತ್ತಾರೆ. ಕಟ್ಟಿದ ಫೀಸಿನ ಗತಿ ಏನು?
— ಪೋಷಕರು, ವಿರಾಜಪೇಟೆ

ಟಿಸಿ ತೆಗೆದುಕೊಳ್ಳಬೇಡಿ. ಟಿಸಿ ಪಡೆದ ದಿನವೇ ಮಗನ ಹೆಸರು ಕಾಲೇಜಿನ ಪಟ್ಟಿಯಿಂದ ಹೋಗುತ್ತದೆ. ಮುಂದಿನ ವರ್ಷ ಬಂದಾಗ ಮರುಪ್ರವೇಶದ ಅರ್ಜಿ, ಸೀಟು ಖಾಲಿ ಇದೆಯೇ ಎಂಬ ಪ್ರಶ್ನೆ, ಎಲ್ಲವೂ ಮೊದಲಿನಿಂದ. ನಿಮಗೆ ಬೇಕಾದದ್ದು ತಾತ್ಕಾಲಿಕ ಬಿಡುವಿನ ಅನುಮತಿ. ಅರ್ಜಿಯಲ್ಲಿ ‘ಕಾಲೇಜು ಬಿಡುತ್ತಿದ್ದೇನೆ’ ಎಂಬ ಮಾತು ಎಲ್ಲೂ ಬೇಡ. ‘ಈ ಸೆಮಿಸ್ಟರಿನ ವ್ಯಾಸಂಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮುಂದಿನ ವರ್ಷ ಇದೇ ಸೆಮಿಸ್ಟರಿಗೆ ಮರಳಲು ಅನುಮತಿ ಕೋರುತ್ತೇನೆ’ ಎಂದು ಬರೆಯಿರಿ. ಕಾಯಿಲೆಯ ಪೂರ್ತಿ ವಿವರ ಕೊಡಬೇಕಿಲ್ಲ, ಮನೋವೈದ್ಯರು ಇಷ್ಟು ಅವಧಿಯ ವಿಶ್ರಾಂತಿ ಬೇಕೆಂದು ಬರೆದರೆ ಸಾಕು. ಅದನ್ನು ಮುಚ್ಚಿದ ಲಕೋಟೆಯಲ್ಲಿ ನೇರ ಪ್ರಾಂಶುಪಾಲರಿಗೆ ಕೊಡಿ. ಮರಳುವಾಗ ಅದೇ ವೈದ್ಯರಿಂದ ಫಿಟ್‌ನೆಸ್ ಪತ್ರ ಬೇಕಾಗುತ್ತದೆ.

ಬಾಯಿಮಾತಿನ ಒಪ್ಪಿಗೆ ಒಪ್ಪಿಗೆಯಲ್ಲ. ವರ್ಷದೊಳಗೆ ಪ್ರಾಂಶುಪಾಲರಿಗೆ ವರ್ಗವಾಗಬಹುದು. ಹೊಸಬರ ಮುಂದೆ ಇಡಲು ಕಾಗದ ಇರಬೇಕು.

ಫೀಸಿನ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಸೂಚನೆಯ ಪ್ರಕಾರ ಪ್ರವೇಶ ರದ್ದು ಮಾಡಿದವರಿಗೆ ಶುಲ್ಕ ವಾಪಸಾತಿ ಹೀಗಿದೆ: ಪ್ರವೇಶದ ಕೊನೆಯ ದಿನ ಕಳೆದು 15 ದಿನದೊಳಗಾದರೆ 80%, 16ರಿಂದ 30 ದಿನದೊಳಗಾದರೆ 50%, ಆಮೇಲೆ ಏನೂ ಇಲ್ಲ. ಅದು ಸೀಟು ಬಿಟ್ಟುಕೊಟ್ಟವರ ಲೆಕ್ಕ. ಬಿಡುವು ಪಡೆದು ಸೀಟು ಉಳಿಸಿಕೊಳ್ಳುವವರು ಹಣ ವಾಪಸ್ ಕೇಳುವ ಬದಲು, ಕಟ್ಟಿದ್ದನ್ನು ಮುಂದಿನ ವರ್ಷಕ್ಕೆ ಹೊಂದಿಸಿಕೊಳ್ಳಿ ಎಂದು ಅದೇ ಅರ್ಜಿಯಲ್ಲಿ ಕೋರಬೇಕು. ಒಪ್ಪುವುದು ಬಿಡುವುದು ಕಾಲೇಜಿಗೆ ಸೇರಿದ್ದು, ಕೇಳದಿದ್ದರೆ ಮಾತ್ರ ಖಂಡಿತ ಸಿಗುವುದಿಲ್ಲ. ಹತ್ತನೇ ತರಗತಿ, ಪಿಯುಸಿಯ ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಳ್ಳಲು ಕಾಲೇಜಿಗೆ ಅಧಿಕಾರವಿಲ್ಲ. ಇದೂ ಅದೇ ಸೂಚನೆಯಲ್ಲಿದೆ.

2023ರಲ್ಲಿ ಬಿ.ಎ. ಸೇರಿದವಳು. ಆರನೇ ಸೆಮಿಸ್ಟರ್ ಬಿಟ್ಟು ಮುಂದಿನ ವರ್ಷ ಬರುತ್ತೇನೆಂದರೆ ‘ಸಿಲಬಸ್ ಬದಲಾಗಿದೆ’ ಎನ್ನುತ್ತಾರೆ. ಇಷ್ಟು ದಿನ ಓದಿದ್ದು ಹೋಯಿತೇ?
— ವಿದ್ಯಾರ್ಥಿನಿ, ಕುಶಾಲನಗರ

ಅವರು ಹೆದರಿಸುತ್ತಿಲ್ಲ. 2021-22ರಿಂದ 2023-24ರವರೆಗೆ ಸೇರಿದವರದು ರಾಷ್ಟ್ರೀಯ ಶಿಕ್ಷಣ ನೀತಿಯ, ಅಂದರೆ ಎನ್‌ಇಪಿ ಪಠ್ಯಕ್ರಮ. 2024-25ರಿಂದ ರಾಜ್ಯ ಅದನ್ನು ಬಿಟ್ಟು ಬೇರೆ ಪಠ್ಯಕ್ರಮದ ಮೂರು ವರ್ಷದ ಪದವಿಗೆ ಮರಳಿತು. ನೀವು ಎನ್‌ಇಪಿಯ ಕೊನೆಯ ಬ್ಯಾಚ್. ಒಂದು ವರ್ಷ ಬಿಟ್ಟು ಬಂದರೆ ಆರನೇ ಸೆಮಿಸ್ಟರಿನ ಬೆಂಚಿನಲ್ಲಿ ಕೂತಿರುವವರು 2024ರವರು, ಅವರ ಪೇಪರುಗಳು ಬೇರೆ. ನಿಮ್ಮ ಪೇಪರಿಗೆ ಪಾಠ ಮಾಡುವ ತರಗತಿಯೇ ಇರುವುದಿಲ್ಲ.

ಆದ್ದರಿಂದ ನಿಮಗೆ ಮೊದಲ ಉತ್ತರದಲ್ಲಿ ಹೇಳಿದ ದಾರಿಯೇ ಕ್ಷೇಮ. ಹಾಜರಾತಿ, ಐಎ, ಪ್ರಾಜೆಕ್ಟ್ ಈ ವರ್ಷವೇ ಮುಗಿಸಿ, ಆಗದಿದ್ದರೆ ಥಿಯರಿ ಪರೀಕ್ಷೆಯನ್ನಷ್ಟೇ ಮುಂದಕ್ಕೆ ಹಾಕಿ. ಹಳೇ ಪಠ್ಯಕ್ರಮದ ಪರೀಕ್ಷೆಯನ್ನು ಬಾಕಿ ಇರುವವರಿಗಾಗಿ ವಿವಿಗಳು ಕೆಲ ಕಾಲ ನಡೆಸುತ್ತವೆ, ಹಳೇ ಪಠ್ಯಕ್ರಮದ ಪಾಠವನ್ನು ನಡೆಸುವುದಿಲ್ಲ. ಬಿಡಲೇಬೇಕಾದರೆ, ಮರಳಿದಾಗ ಹೊಸ ಪಠ್ಯಕ್ರಮದ ಯಾವ ಪೇಪರ್ ನಿಮ್ಮ ಯಾವ ಪೇಪರಿಗೆ ಸಮ ಎಂಬುದನ್ನು ಕಾಲೇಜಿನ ಮೂಲಕ ವಿವಿಯಿಂದ ಲಿಖಿತವಾಗಿ ತರಿಸಿಕೊಂಡು ಆಮೇಲೆ ಬಿಡಿ.

ಓದಿದ್ದು ಎಲ್ಲಿಗೂ ಹೋಗುವುದಿಲ್ಲ. ಪಾಸಾದ ಸೆಮಿಸ್ಟರುಗಳ ಕ್ರೆಡಿಟ್ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಆನ್‌ಲೈನ್ ಖಾತೆಯಲ್ಲಿ ಜಮೆಯಾಗಿದ್ದರೆ ಗರಿಷ್ಠ 7 ವರ್ಷ ಊರ್ಜಿತ. ಡಿಜಿಲಾಕರ್ ತೆರೆದು ಎಲ್ಲ ಐದು ಸೆಮಿಸ್ಟರೂ ಅಲ್ಲಿ ಕಾಣುತ್ತಿವೆಯೇ ಎಂದು ಈಗಲೇ ನೋಡಿ. ಆಧಾರಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಜಮೆ ನಿಂತುಬಿಡುತ್ತದೆ. ಮನೆತನದ ಹೆಸರನ್ನು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬರೆಸುವ ನಮ್ಮ ಜಿಲ್ಲೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬಿಡುವಿನ ವರ್ಷ ಸ್ಕಾಲರ್‌ಶಿಪ್, ಬ್ಯಾಂಕ್ ಸಾಲ, ಹಾಸ್ಟೆಲ್ ಏನಾಗುತ್ತವೆ?
— ವಿದ್ಯಾರ್ಥಿ, ಗೋಣಿಕೊಪ್ಪ

ಓದದ ವರ್ಷಕ್ಕೆ ವಿದ್ಯಾರ್ಥಿವೇತನ ಇಲ್ಲ, ಹಾಸ್ಟೆಲ್ ಸೀಟು ಬೇರೆಯವರಿಗೆ ಹೋಗುತ್ತದೆ. ಸಾಲದ ವಿಷಯದಲ್ಲಿ ಎಚ್ಚರ. ಕಂತು ಶುರುವಾಗುವ ದಿನವನ್ನು ಬ್ಯಾಂಕ್ ನೀವು ಸೇರುವಾಗ ಹೇಳಿದ ಕೋರ್ಸಿನ ಅವಧಿಯ ಮೇಲೆ ನಿಗದಿ ಮಾಡಿರುತ್ತದೆ. ಕಾಲೇಜಿನ ಅನುಮತಿ ಪತ್ರದ ಪ್ರತಿ ಕೊಟ್ಟು ಅವಧಿ ವಿಸ್ತರಿಸಲು ಬರೆದುಕೊಡದಿದ್ದರೆ, ನೀವಿನ್ನೂ ತರಗತಿಯಲ್ಲಿ ಕೂತಿರುವಾಗಲೇ ಕಂತಿನ ನೋಟಿಸ್ ಬರುತ್ತದೆ. ಕೇಂದ್ರದ ಬಡ್ಡಿ ಸಹಾಯಧನ ಪಡೆಯುವವರು ನಡುವೆ ಓದು ನಿಲ್ಲಿಸಿದರೆ ಅದೂ ನಿಲ್ಲುತ್ತದೆ, ವೈದ್ಯಕೀಯ ಕಾರಣಕ್ಕೆ ಮಾತ್ರ ವಿನಾಯಿತಿ. ಅದಕ್ಕೂ ದಾಖಲೆ ಕಾಲೇಜಿನ ಮುಖ್ಯಸ್ಥರಿಗೆ ಒಪ್ಪಿಗೆಯಾಗಬೇಕು.

ಮದುವೆಯಾಗಿದೆ, ಈಗ ಐದು ತಿಂಗಳ ಗರ್ಭಿಣಿ. ಎಂ.ಎ. ಬಿಡಬೇಕೇ?
— ವಿದ್ಯಾರ್ಥಿನಿ, ಮಡಿಕೇರಿ

ಬೇಡ. ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಾತಿ ಸಡಿಲಿಕೆ, ಪರೀಕ್ಷಾ ಅರ್ಜಿಯ ದಿನಾಂಕದಲ್ಲಿ ರಿಯಾಯಿತಿ ಕೊಡುವ ನಿಯಮ ಮಾಡಿಕೊಳ್ಳಿ ಎಂದು ಯುಜಿಸಿ 2021ರ ಡಿಸೆಂಬರಿನಲ್ಲೇ ಎಲ್ಲ ವಿವಿಗಳಿಗೆ ಬರೆದಿದೆ. ಅರ್ಜಿಯಲ್ಲಿ ಆ ಪತ್ರವನ್ನು ಉಲ್ಲೇಖಿಸಿ, ತಾಯಿ ಕಾರ್ಡಿನ ಪ್ರತಿ ಲಗತ್ತಿಸಿ, ಏಳನೇ ತಿಂಗಳವರೆಗೆ ಕಾಯದೆ ಈಗಲೇ ಕೊಡಿ.

ಮಳೆಗೆ ರಸ್ತೆ ಕುಸಿದು ಬಸ್ ಬರದ ದಿನಗಳ ಹಾಜರಾತಿ?
— ವಿದ್ಯಾರ್ಥಿ, ಭಾಗಮಂಡಲ

ಜಿಲ್ಲಾಧಿಕಾರಿಗಳು ಕಾಲೇಜಿಗೆ ರಜೆ ಸಾರಿದ ದಿನ ತರಗತಿಯೇ ನಡೆದಿರುವುದಿಲ್ಲ, ಹಾಗಾಗಿ ನಷ್ಟವಿಲ್ಲ. ತೊಂದರೆ ಆಗುವುದು ಕಾಲೇಜು ನಡೆದು ನಿಮ್ಮೂರ ದಾರಿ ಮಾತ್ರ ಮುಚ್ಚಿದಾಗ. ಅಂಥ ದಿನಗಳ ತಾರೀಖನ್ನು ಬರೆದಿಟ್ಟು, ಗ್ರಾಮ ಪಂಚಾಯಿತಿಯಿಂದ ಒಂದು ಪತ್ರ ಪಡೆದು, ಮಳೆಗಾಲ ಮುಗಿಯುವುದನ್ನು ಕಾಯದೆ ಆಯಾ ತಿಂಗಳೇ ಕಚೇರಿಗೆ ಕೊಡಿ. ಕಾಲೇಜಿನ ಪರವಾಗಿ ಹಾಕಿ ಆಡಲು ಹೋದವರಿಗೆ ದೈಹಿಕ ಶಿಕ್ಷಣ ನಿರ್ದೇಶಕರ ಪತ್ರದ ಮೇಲೆ ಹಾಜರಿ ಕೊಡುವ ಪದ್ಧತಿಯಿದೆ. ರಸ್ತೆ ಕುಸಿದವರಿಗೆ ಹಾಗೆ ತಾನಾಗಿ ಸಿಗುವುದಿಲ್ಲ, ಕೇಳಿಯೇ ಪಡೆಯಬೇಕು.

ಒಂದು ವರ್ಷದ ಬಿಡುವು ಮುಗಿಯಿತು. ಸುಮ್ಮನೆ ಹೋಗಿ ಕೂತರೆ ಸಾಕೇ?
— ವಿದ್ಯಾರ್ಥಿ, ಶನಿವಾರಸಂತೆ

ಸಾಲದು. ಸೆಮಿಸ್ಟರ್ ಶುರುವಾಗುವ ಮೊದಲೇ ಅನುಮತಿ ಪತ್ರ ಹಿಡಿದು ಕಚೇರಿಗೆ ಹೋಗಿ ಶುಲ್ಕ ಕಟ್ಟಿ. ಆಮೇಲೆ ನಿಮ್ಮ ಹೆಸರು ಎರಡು ಕಡೆ ಏರಿದೆಯೇ ನೋಡಿ: ಅಧ್ಯಾಪಕರ ಹಾಜರಾತಿ ಪುಸ್ತಕದಲ್ಲಿ ಮತ್ತು ರಾಜ್ಯದ ವಿವಿಗಳ ಪ್ರವೇಶ, ಪರೀಕ್ಷೆಯ ಕೆಲಸ ನಡೆಯುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ, ಸರಿಯಾದ ಸೆಮಿಸ್ಟರಿನ ಎದುರು. ಪುಸ್ತಕದಲ್ಲಿ ಹೆಸರಿದ್ದು ಪೋರ್ಟಲ್‌ನಲ್ಲಿ ಇಲ್ಲದಿದ್ದರೆ ನಾಲ್ಕು ತಿಂಗಳು ಪಾಠ ಕೇಳಿದ ಮೇಲೆ ಪರೀಕ್ಷಾ ಅರ್ಜಿಯೇ ತೆರೆದುಕೊಳ್ಳುವುದಿಲ್ಲ. ತಿದ್ದುವುದು ಕಾಲೇಜಿನ ಲಾಗಿನ್‌ನಿಂದ, ಕೆಲವು ಸಲ ವಿವಿಯಿಂದ. ಮೊದಲ ವಾರದಲ್ಲೇ ಕೇಳಿದರೆ ಅದಕ್ಕೆ ಸಮಯವಿರುತ್ತದೆ.