ಜಮೀನಿಗೆ ಸೊಲೇಷಿಯಂ, ಮೈಗೆ ಸಿವಿಲ್ ಕೋರ್ಟು

ಪತ್ರ: ಕೊರೊನಾ ಲಸಿಕೆಯಿಂದ ತೊಂದರೆಯಾದವರಿಗೆ ಸರ್ಕಾರ ಪರಿಹಾರ ಕೊಡಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಲಕ್ಷಗಟ್ಟಲೆ ಜನ ಉಳಿದದ್ದನ್ನು ಬಿಟ್ಟು ಎಲ್ಲೋ ನಾಲ್ಕು ಜನರಿಗೆ ಆದದ್ದನ್ನು ಎತ್ತಿ ಆಡಿದರೆ ನಾಳೆ ಲಸಿಕೆಗೆ ಯಾರು ಬರುತ್ತಾರೆ? ತಪ್ಪು ಮಾಡಿದವರಿದ್ದರೆ ಕೋರ್ಟಿದೆ. ತಪ್ಪೇ ಇಲ್ಲದೆ ದುಡ್ಡು ಕೊಡುವುದು ಯಾವ ನ್ಯಾಯ?
– ನಿವೃತ್ತ ಶಿಕ್ಷಕ, ಸೀಬರ್ಡ್ ನಿರಾಶ್ರಿತ, ಅಂಕೋಲಾ ತಾಲೂಕು

ಸಂಪಾದಕರ ಉತ್ತರ: ಮಾಸ್ತರರೇ, ಲಸಿಕೆ ಬಹಳ ಜನರ ಜೀವ ಉಳಿಸಿತು ಎಂಬ ಮಾತಿಗೆ ನಮ್ಮ ತಕರಾರಿಲ್ಲ. ಆ ವಿಷಯ ಅಲ್ಲಿಗೇ ಬಿಡೋಣ. ನಮ್ಮ ಕಣ್ಣು ನಿಂತದ್ದು ನಿಮ್ಮ ಸಹಿಯ ಕೆಳಗಿನ ‘ಸೀಬರ್ಡ್ ನಿರಾಶ್ರಿತ’ ಎಂಬಲ್ಲಿ.

ಕಾರವಾರದ ಸೀಬರ್ಡ್ ನೌಕಾನೆಲೆಗೆ ಗದ್ದೆ ಹೋದಾಗ ನೌಕಾಪಡೆ ತಪ್ಪು ಮಾಡಿತೆಂದು ನೀವು ಸಾಬೀತು ಮಾಡಬೇಕಾಯಿತೇ? ‘ಸಾರ್ವಜನಿಕ ಉದ್ದೇಶ’ ಎಂದು ನೋಟಿಸು ಬಂತು, ಪರಿಹಾರ ನಿಗದಿ ಮಾಡುವ ಅವಾರ್ಡ್ ಆಯಿತು. 1894ರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ ಆದ ತಿದ್ದುಪಡಿಯಂತೆ ಮಾರುಕಟ್ಟೆ ಬೆಲೆಯ ಮೇಲೆ ಶೇ. 30 ಸೊಲೇಷಿಯಂ (ಸಮಾಧಾನದ ಹೆಚ್ಚುವರಿ ಹಣ) ಬೇರೆ, ಒಲ್ಲೆನೆಂದರೂ ಕಿತ್ತುಕೊಂಡದ್ದಕ್ಕೆ. 2013ರ ಕಾಯ್ದೆ ಅದನ್ನು ಶೇ. 100ಕ್ಕೆ ಏರಿಸಿತು. ಕರಾವಳಿಯವರು ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿದ್ದು ದರ ಸಾಲದೆಂದು. ಕೊಡಬೇಕೋ ಬೇಡವೋ ಎಂಬ ಜಗಳ ಅಲ್ಲಿರಲಿಲ್ಲ. ತಪ್ಪಿಲ್ಲದೆ ದುಡ್ಡು ಯಾಕೆಂದು ಬೇರೆ ಯಾರಾದರೂ ಕೇಳಲಿ, ನೀವು ಕೇಳಬಾರದಿತ್ತು.

ಇನ್ನು ನೀವು ತೋರಿಸಿದ ಕೋರ್ಟು. ಲಸಿಕೆಯ ನಂತರ ತೀರಿಕೊಂಡ ಇಬ್ಬರು ಯುವತಿಯರ ಹೆತ್ತವರು ಹಾಕಿದ ಅರ್ಜಿಗೆ ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೊಟ್ಟ ಉತ್ತರವೂ ಇದೇ: ಲಸಿಕೆ ಐಚ್ಛಿಕ, ಸರ್ಕಾರ ಹೊಣೆಯಲ್ಲ, ಸಿವಿಲ್ ಕೋರ್ಟಿಗೆ ಹೋಗಿ. ಹೋಗಿ ಏನು ಸಾಬೀತು ಮಾಡುವುದು? ಕೋವಿಶೀಲ್ಡ್ ಜಾತಿಯ ಲಸಿಕೆಯ ನಂತರ, ತೀರ ಅಪರೂಪಕ್ಕೆ, ಹೆಚ್ಚಾಗಿ 4ರಿಂದ 42 ದಿನಗಳ ಒಳಗೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಕುಸಿಯುತ್ತಲೇ ಮಿದುಳಿನ ಅಥವಾ ಹೊಟ್ಟೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಪ್ಲೇಟ್‌ಲೆಟ್ ಫ್ಯಾಕ್ಟರ್ 4 ಎಂಬ ತನ್ನದೇ ಪ್ರೋಟೀನಿನ ಮೇಲೆ ದೇಹವೇ ಪ್ರತಿಕಾಯ ಹುಟ್ಟಿಸಿಕೊಳ್ಳುವುದು ಇದಕ್ಕೆ ಕಾರಣ. ಸಿಸ್ಟರ್ ಸರಿಯಾಗಿಯೇ ಚುಚ್ಚಿದ್ದಾರೆ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇತ್ತು. ಅರ್ಧ ಗಂಟೆ ಕೂರಿಸಿಯೂ ಇದ್ದರು. ನಿರ್ಲಕ್ಷ್ಯ ಯಾರದ್ದೂ ಅಲ್ಲ, ಹಾಗಾಗಿ ದಾವೆಗೆ ಕಾಲೇ ಇಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ, ಎಲ್ಲರಿಗೂ ಉಚಿತವಾಗಿ ಸಿಗುವ ಚಿಕಿತ್ಸೆ ಗ್ರಾಹಕ ಕಾಯ್ದೆಗೆ ಒಳಪಡದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿಯಾಗಿದೆ.

ಐಚ್ಛಿಕವಂತೆ! ಲಸಿಕೆ ಹಾಕಿಸಿಕೊಳ್ಳದವರ ಮೇಲೆ ರಾಜ್ಯಗಳು ಹೇರಿದ ನಿರ್ಬಂಧಗಳು ಆಗಿನ ಪರಿಸ್ಥಿತಿಗೆ ಮಿತಿಮೀರಿದವು ಎಂದು 2022ರ ಮೇ 2ರಂದು ಅದೇ ಕೋರ್ಟು ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಪರಿಹಾರ ಕೊಟ್ಟರೆ ಜನ ಹೆದರುತ್ತಾರೆಂಬ ವಾದಕ್ಕೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉತ್ತರವಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲೋ ಮನೆಗೆ ಕಳಿಸಿದ ಕೆಲ ದಿನಗಳಲ್ಲೋ ಸತ್ತರೆ ಕುಟುಂಬಕ್ಕೆ ಇಷ್ಟು, ಶಸ್ತ್ರಚಿಕಿತ್ಸೆ ವಿಫಲವಾಗಿ ಗರ್ಭ ನಿಂತರೆ ಇಷ್ಟು ಎಂಬ ಯೋಜನೆ ದೇಶದಲ್ಲಿ 2005ರಿಂದ ಒಂದಲ್ಲ ಒಂದು ರೂಪದಲ್ಲಿದೆ. ಅದಕ್ಕೆ ಹೆದರಿ ಯಾರು ಶಸ್ತ್ರಚಿಕಿತ್ಸೆ ಬಿಟ್ಟರು? ಬ್ರಿಟನ್ 1979ರಲ್ಲೇ ಲಸಿಕೆ ಹಾನಿಗೆ ಕಾಯ್ದೆ ತಂದಿತು. ಈಗ 1,20,000 ಪೌಂಡ್ ಕೊಡುತ್ತದೆ, ಆದರೆ ಶೇ. 60 ಅಂಗವೈಕಲ್ಯ ಇರಲೇಬೇಕು, 59 ಆದರೆ ಕಾಸೂ ಇಲ್ಲ. ಅಮೆರಿಕ ಮಕ್ಕಳ ಲಸಿಕೆಗಳ ಮೇಲೆ, ಡೋಸೊಂದು ತಡೆಯುವ ಪ್ರತಿ ರೋಗಕ್ಕೆ 75 ಸೆಂಟಿನಂತೆ ತೆರಿಗೆ ಹಾಕಿ ನಿಧಿ ಕಟ್ಟಿದೆ. ಕೊರೊನಾ ಲಸಿಕೆಯನ್ನು ಮಾತ್ರ ಬೇರೊಂದು ಜಿಪುಣ ಯೋಜನೆಗೆ ತಳ್ಳಿತು. ಅಲ್ಲಿ ಲಸಿಕೆ ಪಡೆದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಬಾಗಿಲು ಮುಚ್ಚಿತು. ನಕಲು ಮಾಡುವುದಾದರೆ ಇವೆರಡು ಗಂಟುಗಳನ್ನು ಬಿಟ್ಟು ಮಾಡಬೇಕು.

ದುಡ್ಡಿಗಿಂತ ಮೊದಲು ಕಾಗದ ಬೇಕು, ನಮ್ಮ ಉತ್ತರ ಕನ್ನಡ ಜಿಲ್ಲೆ ಸೋಲುವುದು ಅಲ್ಲೇ. ಲಸಿಕೆಯ ನಂತರದ ಗಂಭೀರ ತೊಂದರೆಯನ್ನು ನಿಗದಿತ ನಮೂನೆಯಲ್ಲಿ ತುಂಬಿ ಮೇಲೆ ಕಳಿಸಬೇಕು. ತಜ್ಞರ ಸಮಿತಿ ಅದನ್ನು ‘ಎ’ಯಿಂದ ‘ಡಿ’ವರೆಗೆ ವರ್ಗ ಮಾಡುತ್ತದೆ. ‘ಎ’ ಅಂದರೆ ಲಸಿಕೆಗೆ ಸಂಬಂಧವಿದೆ, ‘ಬಿ’ ಅನಿಶ್ಚಿತ, ‘ಸಿ’ ಕಾಕತಾಳೀಯ, ‘ಡಿ’ ಮಾಹಿತಿ ಸಾಲದು. ಹೊನ್ನಾವರದಲ್ಲಿ ಲಸಿಕೆ ಪಡೆದವನು ಮಣಿಪಾಲದಲ್ಲೋ, ಕಾರವಾರದವನು ಗೋವಾದಲ್ಲೋ, ಶಿರಸಿಯವನು ಹುಬ್ಬಳ್ಳಿಯಲ್ಲೋ ದಾಖಲಾಗುತ್ತಾನೆ. ಅಲ್ಲಿನ ವೈದ್ಯರು ಲಸಿಕೆಯ ತಾರೀಖು ಕೇಳದಿದ್ದರೆ ನಮೂನೆ ಹುಟ್ಟುವುದೇ ಇಲ್ಲ. ಸತ್ತರೆ, ಮರಣೋತ್ತರ ಪರೀಕ್ಷೆ ಮಾಡಿಸದೆ ಅದೇ ರಾತ್ರಿ ದಹನ. ಕಡತ ನೆಟ್ಟಗೆ ‘ಡಿ’ಗೆ ಹೋಗುತ್ತದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಈ ಜಿಲ್ಲೆ ಕೂಗಿದ್ದನ್ನು ಬರೀ ಆಂಬ್ಯುಲೆನ್ಸಿನ ದೂರದ ಪ್ರಶ್ನೆ ಎಂದು ನೋಡಿದವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಲಿ. ಅಣೆಕಟ್ಟು, ಅಣುಸ್ಥಾವರ, ನೌಕಾನೆಲೆ ಎಲ್ಲಕ್ಕೂ ಜಾಗ ಕೊಟ್ಟ ಜಿಲ್ಲೆ ದೊಡ್ಡ ಕಾಯಿಲೆಗೆ ಪಕ್ಕದ ಜಿಲ್ಲೆಯ ಹಾಸಿಗೆ ಹುಡುಕಬೇಕು.

ಹಾಗಾಗಿ ಯಾರಿಗಾದರೂ ಇಂಥದ್ದು ಆಗಿದ್ದರೆ, ಬ್ಯಾಚ್ ಸಂಖ್ಯೆ ಇರುವ ಲಸಿಕೆ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಚಿಕಿತ್ಸೆಗೆ ಮುಂಚಿನ ಮೊದಲ ರಕ್ತಪರೀಕ್ಷೆಯ ವರದಿ, ಸ್ಕ್ಯಾನಿನ ಫಿಲ್ಮು ಒಟ್ಟಿಗೆ ಇಟ್ಟುಕೊಳ್ಳಿ. ಒಳರೋಗಿಯ ದಾಖಲೆಯನ್ನು ಆಸ್ಪತ್ರೆ 3 ವರ್ಷ ಕಾಯಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. ತಾಲೂಕು ಆರೋಗ್ಯಾಧಿಕಾರಿಗೆ ದೂರು ಕೊಟ್ಟು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಯಾವ ವರ್ಗಕ್ಕೆ ಹಾಕಿದರೆಂದು ತಿಳಿಸದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಉತ್ತರಕ್ಕೆ 30 ದಿನ.

ಕೊನೆಗೊಂದು ಮಾತು, ಮಾಸ್ತರರೇ. ಸಿದ್ದಾಪುರದ ಕಡೆ ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆ 2022ರಲ್ಲಿ ನಿಂತಿತು, ಹೊಸದಕ್ಕೆ ಕೆಲಸ ನಡೆದಿದೆ. 2019ರ ಔಷಧ ಪ್ರಯೋಗ ನಿಯಮಗಳಂತೆ, ಪ್ರಯೋಗದ ಹಂತದಲ್ಲಿ ಅದನ್ನು ಚುಚ್ಚಿಸಿಕೊಂಡವನಿಗೆ ಅದರಿಂದ ಹಾನಿಯಾದರೆ ಚಿಕಿತ್ಸೆಯ ಖರ್ಚೂ ಪರಿಹಾರವೂ ಪ್ರಯೋಗ ನಡೆಸುವವರ ಹೊಣೆ. ಅದೇ ಲಸಿಕೆ ಮಂಜೂರಾಗಿ ಊರಿನ ಶಾಲೆಯ ಜಗಲಿಗೆ ಬಂದ ದಿನ, ಸಾಲಿನಲ್ಲಿ ನಿಂತವನನ್ನು ಇದೇ ಸಿವಿಲ್ ಕೋರ್ಟಿಗೆ ಕಳಿಸುವುದೇ? ಇದಕ್ಕೆ ನಿಮ್ಮ ಉತ್ತರ ಬರಲಿ, ಪೂರ್ತಿ ಅಚ್ಚು ಹಾಕುತ್ತೇವೆ.